ಗಾಡಿ ಮಾತು: ಕಾರು ತೊಳ್ಕೊಂಡು ಹೋದ್ರೂ ಎಫ್‌ಸಿ ಆಗ್ಲಿಲ್ಲ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಎಫ್‌ಸಿ, ಅಂದ್ರೆ ಗಾಡಿ ಓಡಿಸೋಕೆ ಫಿಟ್ ಇದೆ ಅನ್ನೋ ಸರ್ಟಿಫಿಕೇಟ್, ಅದರ ಗೋಳೇ. ಅದಕ್ಕೆ ಮೈಲೇಜು, ಎಂಜಿನ್ ಆಯಿಲ್ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸಾರ್, ನಮ್ದು 2010ರ ಪೆಟ್ರೋಲ್ ಕಾರು. 15 ವರ್ಷ ಆಯ್ತು ಅಂತ ಆರ್‌ಸಿ (ನೋಂದಣಿ ಪತ್ರ) ರಿನ್ಯೂವಲ್‌ಗೆ ತಗೊಂಡ್ಹೋದೆ. ಎಂಜಿನ್ ಗುಂಡುಕಲ್ಲು ಥರ ಇದೆ, ವಾಟರ್ ವಾಶ್, ಪಾಲಿಶ್ ಎಲ್ಲಾ ಮಾಡ್ಸಿದ್ದೆ, ಆದ್ರೂ ಹ್ಯಾಂಡ್ ಬ್ರೇಕ್ ಹಿಡೀತಿಲ್ಲ, ಒಂದು ಬ್ರೇಕ್ ಲೈಟ್ ಇಲ್ಲ, ಚಾಸಿ (ಗಾಡಿ ಚೌಕಟ್ಟು) ಮೇಲೆ ಪಂಚ್ ಮಾಡಿರೋ ನಂಬರ್ ಕಾಣ್ತಿಲ್ಲ ಅಂತ ವಾಪಸ್ ಕಳಿಸಿದ್ರು. ಇನ್ಮೇಲೆ ಪ್ರತಿ ವರ್ಷಾನೂ ಹಿಂಗೇ ಅಲೀಬೇಕಾ? – ಮೇಷ್ಟ್ರು, ಬಟವಾಡಿ, ತುಮಕೂರು

ಉತ್ತರ: ಮೇಷ್ಟ್ರೇ, ಮೊದ್ಲು ನಿಮ್ಮ ಕೊನೇ ಪ್ರಶ್ನೆ. ಪ್ರತಿ ವರ್ಷ ಅಲ್ಲ. ವೈಟ್ ಬೋರ್ಡ್ ಕಾರಿಗೆ ಮೊದಲ 15 ವರ್ಷ ಯಾರೂ ಕೇಳಲ್ಲ, ಆಮೇಲೆ ಎಫ್‌ಸಿ ಟೆಸ್ಟ್ ಮಾಡಿ ಆರ್‌ಸಿನ 5 ವರ್ಷಕ್ಕೆ ರಿನ್ಯೂವಲ್ ಮಾಡಿ ಕೊಡ್ತಾರೆ. ಪ್ರತಿ ವರ್ಷ ಅನ್ನೋದು ಹಳದಿ ಬೋರ್ಡಿಗೆ, ಅದೂ 8 ವರ್ಷ ಆದ್ಮೇಲೆ; ಅಲ್ಲಿವರೆಗೆ ಎರಡು ವರ್ಷಕ್ಕೊಂದ್ಸಲ. ಆದ್ರೆ ನನ್ನ ಕೇಳಿದ್ರೆ ಈ 15 ವರ್ಷ ಯಾರೂ ನೋಡ್ದೇ ಇರೋದೇ ನಮ್ಮ ಕಷ್ಟ, ಟ್ಯಾಕ್ಸಿಯವನಿಗೆ ತನ್ನ ಗಾಡೀಲಿ ಏನು ಕೆಟ್ಟಿದೆ ಅಂತ ಗೊತ್ತಿರುತ್ತೆ, ಮನೆ ಕಾರಿನವರಿಗೆ ಅದು ಕೆಟ್ಟಿರೋದೇ ಅಭ್ಯಾಸ ಆಗೋಗಿರುತ್ತೆ.

ಹ್ಯಾಂಡ್ ಬ್ರೇಕೇ ತಗೊಳ್ಳಿ. ಎಳೆದಾಗ ಕಟ್ ಕಟ್ ಅಂತ ಸದ್ದು ಬರುತ್ತಲ್ಲ, ಅದನ್ನ ಎಣಿಸಿ. ಸಾಮಾನ್ಯವಾಗಿ ಆರೇಳಕ್ಕೆ ಗಟ್ಟಿ ಹಿಡೀಬೇಕು, ನಿಮ್ದು ಹನ್ನೆರಡು ದಾಟಿ ಲಿವರ್ ಎದೆಗೆ ಬರ್ತಿದ್ರೆ ಒಂದೋ ಕೇಬಲ್ ಎಳೆದೋಗಿದೆ ಇಲ್ಲಾ ಹಿಂದಿನ ಡ್ರಮ್ಮಲ್ಲಿ ಬ್ರೇಕ್ ಶೂ ಸವೆದಿದೆ. ಬರೀ ಕೇಬಲ್ ಟೈಟ್ ಮಾಡ್ಸಿ ಬಂದ್ಬಿಡ್ಬೇಡಿ, ಡ್ರಮ್ ಬಿಚ್ಚಿಸಿ, ಒಳಗಡೆ ಅಡ್ಜಸ್ಟರ್ ಧೂಳು ತಿಂದು ಕಚ್ಕೊಂಡಿರುತ್ತೆ, ಅದನ್ನ ಕ್ಲೀನ್ ಮಾಡ್ಸಿ. ಆಮೇಲೆ ದೇವರಾಯನದುರ್ಗದ ಏರಲ್ಲಿ, ಹಿಂದೆ ಯಾವ ಗಾಡೀನೂ ಇಲ್ದಾಗ, ಕಾಲು ಬ್ರೇಕ್ ಪೆಡಲ್ ಹತ್ರಾನೇ ಇಟ್ಕೊಂಡು ಒಂದ್ಸಲ ನಿಲ್ಸಿ ನೋಡಿ. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಸೋರನ್ನ ಅಲ್ಲಿ ಎಷ್ಟು ಜನ ನೋಡಿದೀನೋ, ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಕಲ್ಲು ನಡೆಯಲ್ಲ.

ಬ್ರೇಕ್ ಲೈಟು ಒಂದು ಬಲ್ಬಿನ ಕೆಲಸ. ಹೊಸ ಬಲ್ಬ್ ಹಾಕಿದ್ರೂ ಉರೀದಿದ್ರೆ ಹೋಲ್ಡರ್‌ನಲ್ಲಿ ತುಕ್ಕು ಹಿಡಿದು ಅರ್ಥ್ (ಕರೆಂಟ್ ವಾಪಸ್ ಹೋಗೋ ದಾರಿ) ಸಿಕ್ತಿಲ್ಲ ಅಂತ. ಹೊರಡೋ ಮುಂಚೆ ಮಗನ್ನ ಹಿಂದೆ ನಿಲ್ಸಿ ಬ್ರೇಕ್, ರಿವರ್ಸ್, ಇಂಡಿಕೇಟರ್, ನಂಬರ್ ಪ್ಲೇಟ್ ಲೈಟು ಎಲ್ಲಾ ಕೂಗಿಸ್ಕೊಂಡು ನೋಡಿ. ವೈಪರ್, ಹಾರನ್, ಸೀಟ್ ಬೆಲ್ಟೂ ಅಷ್ಟೇ.

ಇನ್ನು ಚಾಸಿ ನಂಬರ್. ಇದು ಜನ ಕನಸಲ್ಲೂ ನೆನೆಸ್ಕೊಳ್ದೇ ಇರೋ ಕಾರಣ. ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೀತಾರೆ, ಆರ್‌ಸಿ ಜೊತೆ ಒಂದಕ್ಷರ ಹೊಂದದಿದ್ರೂ ಆಯ್ತು ಕಥೆ. ಕೆಲವು ಕಾರಲ್ಲಿ ಅದು ಬಾನೆಟ್ ಎತ್ತಿದ್ರೆ ಹಿಂದಿನ ತಗಡಿನ ಮೇಲಿರುತ್ತೆ, ಕೆಲವದರಲ್ಲಿ ಮುಂದಿನ ಸೀಟಿನ ಕೆಳಗೆ ಮ್ಯಾಟಿನಡಿ. ಮ್ಯಾಟ್ ಒದ್ದೆಯಾಗಿ ಹದಿನೈದು ವರ್ಷ ಕೂತಿದ್ರೆ ಅಲ್ಲಿ ಕೆಂಪು ಹಿಟ್ಟು ಥರ ತುಕ್ಕು. ಸೀಮೆಎಣ್ಣೆ ಇಲ್ಲಾ ಡೀಸೆಲ್ ಬಟ್ಟೇಲಿ ನೆನೆಸಿಟ್ಟು, ಹಳೇ ಟೂತ್ ಬ್ರಷ್ಷಲ್ಲಿ ನಿಧಾನಕ್ಕೆ ಉಜ್ಜಿ, ಮನೇಲೇ ಒಂದು ಪ್ರಿಂಟ್ ತೆಗೆದು ನೋಡಿ. ಟಿಂಕರಿಂಗ್ ಹುಡುಗನ ಕೈಗೆ ಗ್ರೈಂಡರ್ ಮಾತ್ರ ಕೊಡ್ಬೇಡಿ, ತುಕ್ಕಿನ ಜೊತೆ ನಂಬರೂ ಹೋಗುತ್ತೆ, ಆಮೇಲೆ ಆರ್‌ಟಿಓ ಪರ್ಮಿಶನ್ ತಗೊಂಡು ಮತ್ತೆ ಪಂಚ್ ಹಾಕಿಸ್ಬೇಕು, ಅದೊಂದು ದೊಡ್ಡ ರಾಮಾಯಣ.

ಆರ್‌ಸಿ ರಿನ್ಯೂವಲ್ ಫೀಸು 600 ಇದ್ದಿದ್ದು 2022ರ ಏಪ್ರಿಲ್‌ನಲ್ಲಿ 5000 ಆಯ್ತು, ತಡ ಆದ್ರೆ ತಿಂಗಳಿಗೆ 500 ಎಕ್ಸ್ಟ್ರಾ. ಅವಧಿ ಮುಗಿಯೋಕೆ 60 ದಿನ ಇರೋವಾಗ್ಲೇ ಫಾರಂ 25ರಲ್ಲಿ ಅರ್ಜಿ ಹಾಕ್ಬಹುದು. ಹಂಗೆ ಬೇಗ ಹಾಕಿದ್ರೆ ಒಂದ್ಸಲ ವಾಪಸ್ ಬಂದ್ರೂ ರಿಪೇರಿಗೆ ಟೈಮ್ ಇರುತ್ತೆ.

ಪ್ರಶ್ನೆ: ಅಣ್ಣಾ, ಮನೆ ಕಾರೇ, ಆದ್ರೆ ಸೀಜನ್‌ನಲ್ಲಿ ಹಿಂದಿನ ಸೀಟ್ ಮಡಚಿ ಟೊಮೆಟೊ ಬಾಕ್ಸ್ ಹಾಕ್ತೀವಿ. ಟೈರ್ ಬೋಳು ಅಂದ್ರು, ಹೆಡ್‌ಲೈಟ್ ಮೇಲಕ್ಕೆ ಹೊಡೀತಿದೆ ಅಂದ್ರು. ಟೈರಲ್ಲಿ ಬಟನ್, ಅದೇ ಉಬ್ಬಿರೋ ರಬ್ಬರ್, ಚೆನ್ನಾಗೇ ಇದೆಯಲ್ಲ? – ರೈತರು, ಚಿಂತಾಮಣಿ ತಾಲ್ಲೂಕು

ಉತ್ತರ: ಎರಡೂ ಒಂದೇ ರೋಗ ಕಣಣ್ಣ. 15 ಕೆಜಿ ಬಾಕ್ಸು ಇಪ್ಪತ್ತು ಹಾಕಿದ್ರೆ 300 ಕೆಜಿ, ಅದೂ ಪೂರ್ತಿ ಹಿಂದಕ್ಕೇ. ಹಿಂದಿನ ಸ್ಪ್ರಿಂಗ್ ಕೂತೋಗಿದೆ, ಹಿಂದೆ ಕೂತ್ರೆ ಮೂತಿ ಮೇಲಕ್ಕೇಳುತ್ತೆ, ಲೈಟು ಎದುರಿಗೆ ಬರೋನ ಕಣ್ಣಿಗೆ. ಹೆಡ್‌ಲೈಟ್ ಸ್ಕ್ರೂ ತಿರುಗಿಸಿ ಕೆಳಗಿಳಿಸಿದ್ರೆ ಅವತ್ತೊಂದಿನ ಪಾಸಾಗ್ಬಹುದು, ನಾನಂತೂ ಅದನ್ನ ಹೇಳ್ಕೊಡಲ್ಲ. ಸ್ಪ್ರಿಂಗ್ ಹಾಕ್ಸಿ.

ಟೈರನ್ನ ಹೊರಗಿಂದ ನೋಡ್ಬೇಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿಟ್ಟು ಒಳಗಡೆ ಅಂಚಿಗೆ ಕೈಯಾಡಿಸಿ. ಹಿಂಗೆ ಭಾರ ಹೊತ್ತು ಅಲೈನ್‌ಮೆಂಟ್ (ಚಕ್ರ ನೇರ ಇರೋ ಲೆಕ್ಕ) ಕೆಟ್ಟಿರೋ ಗಾಡೀಲಿ ಹೊರಗೆ ಬಟನ್ ಇರುತ್ತೆ, ಒಳಗೆ ಬೋಳುತಲೆ. ಕಾರಿನ ಟೈರಲ್ಲಿ ಬಟನ್ ಮಧ್ಯದ ಗ್ರೂವ್ ಕನಿಷ್ಠ 1.6 ಮಿಲಿಮೀಟರ್ ಆಳ ಇರ್ಬೇಕು ಅಂತ ರೂಲು. ಅಳೆಯೋಕೆ ಏನೂ ಬೇಡ, ಗ್ರೂವ್ ಒಳಗೆ ಅಡ್ಡಕ್ಕೆ ಸಣ್ಣ ರಬ್ಬರ್ ದಿಣ್ಣೆ ಇರುತ್ತೆ, ಬಟನ್ ಸವೆದು ಅದರ ಮಟ್ಟಕ್ಕೆ ಬಂದಿದ್ರೆ ಟೈರ್ ಮುಗೀತು. ಹಂಗೇ ಸೈಡಲ್ಲಿ ನಾಲ್ಕಂಕಿ ನೋಡಿ, 2318 ಅಂತಿದ್ರೆ 2018ರ 23ನೇ ವಾರದಲ್ಲಿ ಮಾಡಿದ್ದು. ಸೆಕೆಂಡ್ ಹ್ಯಾಂಡ್ ಟೈರ್ ತರೋರು ಇದನ್ನ ನೋಡೋದೇ ಇಲ್ಲ.

ಪ್ರಶ್ನೆ: ಕಾರು ವಾರಕ್ಕೊಂದ್ಸಲ ದೇವಸ್ಥಾನಕ್ಕೆ ತೆಗೆಯೋದಷ್ಟೇ. ಎಮಿಷನ್ ಟೆಸ್ಟಲ್ಲೇ ಫೇಲ್ ಆಯ್ತು. ಓಡಿಸ್ದೇ ಇರೋ ಗಾಡಿ ಹೇಗೆ ಹೊಗೆ ಬಿಡುತ್ತೆ? – ಗೃಹಿಣಿ, ಕೋಲಾರ

ಉತ್ತರ: ಓಡಿಸ್ದೇ ಇರೋದಕ್ಕೇ ಅಮ್ಮಾ. ಮನೆಯಿಂದ ಎರಡು ಕಿಲೋಮೀಟರ್ ಬಂದು ಹಂಗೇ ಪೈಪ್ ಇಡಿಸಿದ್ರೆ ಎಂಜಿನ್ ಇನ್ನೂ ತಣ್ಣಗಿರುತ್ತೆ, ಸೈಲೆನ್ಸರ್ ಲೈನಲ್ಲಿ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಕಾದಿರಲ್ಲ, ಬಿಸಿ ಆಗ್ದೇ ಅದು ಕೆಲಸಾನೇ ಮಾಡಲ್ಲ. ಒಂದಿಪ್ಪತ್ತು ಕಿಲೋಮೀಟರ್ ಹೈವೇಲಿ ಓಡಿಸ್ಕೊಂಡು ಸೀದಾ ಟೆಸ್ಟಿಗೆ ಹೋಗಿ. ಆಗ್ಲೂ ಫೇಲ್ ಆದ್ರೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ನೋಡಿಸಿ, ಈ ಕ್ರಮದಲ್ಲೇ, ಯಾಕಂದ್ರೆ ಕೊನೇದು ಸ್ವಲ್ಪ ದುಬಾರಿ. ಎಮಿಷನ್ ಸರ್ಟಿಫಿಕೇಟ್ ಅವಧಿ ಬಿಎಸ್-4, ಬಿಎಸ್-6 (ಹೊಗೆ ಮಿತಿಯ ಸರ್ಕಾರಿ ದರ್ಜೆ) ಗಾಡಿಗೆ ಒಂದು ವರ್ಷ, ಅದಕ್ಕಿಂತ ಹಳೇದಕ್ಕೆ ಆರೇ ತಿಂಗಳು.

ಪ್ರಶ್ನೆ: ಕಾರು ತೀರಿಕೊಂಡ ನಮ್ಮಪ್ಪನ ಹೆಸರಲ್ಲೇ ಇದೆ, ಎಫ್‌ಸಿ ಆಗುತ್ತಾ? – ಓದುಗರು, ಶಿರಾ

ಉತ್ತರ: ಮೊದ್ಲು ಹೆಸರು ಬದಲಾಯಿಸಿ. ತೀರಿಕೊಂಡ 30 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು, ಮೂರು ತಿಂಗಳೊಳಗೆ ಫಾರಂ 31 ಕೊಡ್ಬೇಕು. ಹಳೇ ಸಾಲ ಆರ್‌ಸಿಯಲ್ಲಿ ಇನ್ನೂ ಕಾಣ್ತಿದ್ರೆ ಬ್ಯಾಂಕಿಂದ ಸಾಲ ತೀರಿದೆ ಅನ್ನೋ ಫಾರಂ 35 ತನ್ನಿ.

ಪ್ರಶ್ನೆ: ಎಕ್ಸ್ಟ್ರಾ ಖರ್ಚು ಮಾಡಿ ಎಲ್‌ಇಡಿ ಬಲ್ಬ್, ಮುಂದೆ ಸ್ಟೀಲ್ ಬಂಪರ್ ಗಾರ್ಡ್, ಕೂಲಿಂಗ್ ಪೇಪರ್ ಹಾಕ್ಸಿದೀನಿ. ಎಲ್ಲಾ ಬಿಚ್ಚಿ ಬಾ ಅಂತಾರೆ, ಇದ್ಯಾವ ನ್ಯಾಯ? – ವಿದ್ಯಾರ್ಥಿ, ಶಿಡ್ಲಘಟ್ಟ

ಉತ್ತರ: ತಮ್ಮಾ, ಹ್ಯಾಲೋಜನ್ ಬಲ್ಬಿಗೆ ಅಂತ ಮಾಡಿರೋ ಹೆಡ್‌ಲೈಟ್ ಬೋಗುಣೀಲಿ ಎಲ್‌ಇಡಿ ಹಾಕಿದ್ರೆ ಬೆಳಕು ರೋಡಿಗೆ ಬೀಳಲ್ಲ, ಚೆಲ್ಲಾಡುತ್ತೆ. ಕಪ್ಪು ಪೇಪರ್ ಬೇಡ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಮುಂದೆ ಹಿಂದೆ ಗ್ಲಾಸಲ್ಲಿ 70 ಪರ್ಸೆಂಟ್, ಸೈಡಲ್ಲಿ 50 ಪರ್ಸೆಂಟ್ ಬೆಳಕು ದಾಟ್ಬೇಕು. ಬಂಪರ್ ಗಾರ್ಡ್ ಹಾಕಿದೋರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿತ್ತು, ಗುದ್ದಿದಾಗ ಏಟನ್ನ ಬಾಡಿ ನುಂಗ್ಬೇಕು, ಆ ಕಂಬಿ ಏಟನ್ನ ಸೀದಾ ಚಾಸಿಗೆ ಕಳಿಸುತ್ತೆ, ಏರ್‌ಬ್ಯಾಗ್ ಲೆಕ್ಕಾನೂ ತಪ್ಪುತ್ತೆ, ಎದುರಿಗೆ ಸಿಕ್ಕ ಪಾಪದವನ ಕಾಲು ಮುರಿಯೋದು ಬೇರೆ. ಬಿಚ್ಚು. ಗಟ್ಟಿ ಸ್ಟೀಲ್ ಆಗಿದ್ರೆ ಗುಜರಿಯವನು ಕೆಜಿ ಲೆಕ್ಕದಲ್ಲಿ ತಗೋತಾನೆ, ಆ ದುಡ್ಡಿಗೆ ಹಳೇ ಹ್ಯಾಲೋಜನ್ ಬಲ್ಬ್ ಎರಡು ಬರುತ್ತೆ.