‘ಹೊರೆ’ ಅಂದವರು ಯಾರು?

ನಮಸ್ಕಾರ.

ವಯಸ್ಸಾದವರ ದಯಾಮರಣಕ್ಕೆ ಕಾನೂನು ಬೇಕು ಅನ್ನುವ ನಿಮ್ಮ ಲೇಖನ ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ, ವಿಷಯವೂ ಒಳ್ಳೆಯದೇ. ಆದರೆ ಓದುತ್ತಾ ಸಿಟ್ಟು ಬಂತು. ಯಾಕೆ ಅಂತ ಹೇಳಿಬಿಡುತ್ತೇನೆ.

ಮೂರನೇ ಪ್ಯಾರಾ ನೋಡಿ. ‘ವಯಸ್ಸಾದವರು ಮನೆಯವರಿಗೆ ಹೊರೆಯಾಗುತ್ತಾರೆ. ಹಾಗಾಗಿ ಅವರಿಗೆ ಸಾಯುವ ಹಕ್ಕು ಬೇಕು.’ ಮೊದಲ ವಾಕ್ಯ ಯಾರ ಮಾತು? ಅವರದ್ದಾ, ಮನೆಯವರದ್ದಾ, ನಿಮ್ಮದಾ? ಆಮೇಲೆ ಆ ‘ಹಾಗಾಗಿ’. ಈ ಕಾನೂನು ಬೇಡ ಅನ್ನುವವರ ಭಯವೆಲ್ಲ ಇರುವುದೇ ಆ ಪದದಲ್ಲಿ. ಅವಕಾಶ ಅಂತ ಒಂದಿದ್ದರೆ, ತಾನಿನ್ನೂ ಯಾಕೆ ಬದುಕಿದ್ದೇನೆ ಅಂತ ವಯಸ್ಸಾದವರು ಸಮಜಾಯಿಷಿ ಕೊಡಬೇಕಾಗುತ್ತದೆ ಅನ್ನುತ್ತಾರೆ ಅವರು. ಬೇಕು ಅನ್ನುವವರು ಕೇಳುವುದೇ ಬೇರೆ: ನೋವು ನನ್ನದು, ತೀರ್ಮಾನವೂ ನನ್ನದಿರಲಿ ಅಂತ. ನೀವು ಬೇಕು ಅನ್ನುವವರ ಪರ ಬರೆಯಲು ಹೋಗಿ ಬೇಡ ಅನ್ನುವವರ ಕೈಗೆ ಸಾಕ್ಷಿ ಕೊಟ್ಟಿದ್ದೀರಿ.

ಮುಂದಿನ ಸಾಲು: ‘ನೆದರ್ಲೆಂಡ್ಸ್‌ನಲ್ಲಿ ವಯಸ್ಸಾದವರಿಗೆ ಈ ಹಕ್ಕಿದೆ.’ ತಪ್ಪು. 2002ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನ ಪ್ರಕಾರ ಬರೀ ಮುಪ್ಪು ಸಾಲದು. ತಾಳಲಾರದ, ಸುಧಾರಿಸುವ ಆಸೆಯೇ ಇಲ್ಲದ ಸಂಕಟ ಇರಬೇಕು. 75 ದಾಟಿ, ಬದುಕಿದ್ದು ಸಾಕು ಅನ್ನುವವರಿಗಾಗಿ 2020ರಲ್ಲಿ ಬೇರೆ ಮಸೂದೆಯನ್ನೇ ತರಬೇಕಾಯಿತು. ಅಮೆರಿಕದ ಆರೆಗನ್‌ನಲ್ಲೂ ವಯಸ್ಸೊಂದೇ ಸಾಲದು. ಇನ್ನು ಆರು ತಿಂಗಳು ಉಳಿಯುವುದು ಕಷ್ಟ ಅಂತ ಇಬ್ಬರು ವೈದ್ಯರು ಹೇಳಬೇಕು.

‘ಡೇವಿಡ್ ಗುಡಾಲ್‌ರಂಥ ಸಾವಿನಂಚಿನ ರೋಗಿಗಳು’ ಅಂದಿದ್ದೀರಿ. ಆಸ್ಟ್ರೇಲಿಯಾದ ಆ ವಿಜ್ಞಾನಿಗೆ ಅಂಥ ಕಾಯಿಲೆಯೇನೂ ಇರಲಿಲ್ಲ. 2018ರಲ್ಲಿ, 104ನೇ ವಯಸ್ಸಿನಲ್ಲಿ, ಸಾಯಲೆಂದೇ ಸ್ವಿಟ್ಜರ್ಲೆಂಡ್‌ಗೆ ಹೋದರು. ಹಿಂದಿನ ದಿನ ಪತ್ರಕರ್ತರ ಎದುರು ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನಿಮ್ಮ ಇಡೀ ಲೇಖನದಲ್ಲಿ ಹೆಸರಿರುವ ವೃದ್ಧರು ಅವರೊಬ್ಬರೇ. ಅವರ ಬಾಯನ್ನೂ ಮುಚ್ಚಿಸಿದ್ದೀರಲ್ಲ!

ಕೆಲಸ ಕಲಿಯುತ್ತಿದ್ದಾಗ ನಾನೂ ಇದನ್ನೇ ಮಾಡಿದ್ದೆ. ವೃದ್ಧಾಶ್ರಮವೊಂದರ ಮೇಲೆ ಬರೆಯುತ್ತಾ, ಕಿಟಕಿ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ‘ಸಾವಿನ ದಾರಿ ಕಾಯುತ್ತಿದ್ದರು’ ಅಂತ ಬರೆದೆ. ನಮ್ಮ ಸಂಪಾದಕರು ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಕೇಳಿದೆಯಾ?’ ಅಂತ ಬರೆದು ವಾಪಸ್ ಕೊಟ್ಟರು. ಕೇಳಿರಲಿಲ್ಲ. ಮರುದಿನ ಹೋದೆ. ಅಜ್ಜಿ ದಾರಿ ಕಾಯುತ್ತಿದ್ದದ್ದು ಕನ್ನಡಕ ರಿಪೇರಿಗೆ ಒಯ್ದಿದ್ದ ಹುಡುಗನದ್ದು. ಹನ್ನೊಂದು ದಿನ ಆಯಿತು ಅಂತ ಬೆರಳು ಮಡಚಿ ಎಣಿಸಿ ತೋರಿಸಿದರು. ಅಷ್ಟರಲ್ಲಿ ಪಕ್ಕದ ಮಂಚದಿಂದ ಇನ್ನೊಬ್ಬರು, ‘ನಂಗೆ ಮಾತ್ರ ಸಾಕಾಗಿದೆ ಕಣಪ್ಪಾ, ಅದನ್ನ ಬರಿ’ ಅಂದರು. ಅವತ್ತು ಇಬ್ಬರ ಮಾತನ್ನೂ ಬರೆದೆ. ಅಜ್ಜಿಯ ಆ ಬೆರಳುಗಳು ಈಗಲೂ ಕಣ್ಣ ಮುಂದಿವೆ.

ಮೂರನೇ ಪ್ಯಾರಾ ಪೂರ್ತಿ ತೆಗೆಯಿರಿ. ಎಂಬತ್ತು ದಾಟಿದ ಯಾರಾದರೊಬ್ಬರ ಹತ್ತಿರ ಕೂತು ಕೇಳಿ. ಬೇಕು ಅನ್ನಲಿ, ಬೇಡ ಅನ್ನಲಿ, ಅವರ ಮಾತಿನಲ್ಲೇ ಬರೆದು ಆ ಜಾಗದಲ್ಲಿ ಹಾಕಿ ಕಳಿಸಿ. ಓದಲು ಕಾಯುತ್ತಿರುತ್ತೇನೆ.