ಪುಣೆಯಲ್ಲಿ ಕೆಲಸ ಸಿಕ್ಕಿದೆ, ಮನೆ ಎಲ್ಲಿ ಹಿಡಿಯೋದು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಇಷ್ಟು ದಿನ ಬೆಂಗಳೂರಿನಲ್ಲಿದ್ದೆ. ಈಗ ಪುಣೆಯ ಹಿಂಜವಡಿ ಫೇಸ್ 3ರಲ್ಲಿ ಕೆಲಸ ಸಿಕ್ಕಿದೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಜೊತೆಗೆ ಬರುತ್ತಾರೆ. ತಿಂಗಳಿಗೆ 30 ಸಾವಿರದವರೆಗೆ ಬಾಡಿಗೆ ಕೊಡಬಲ್ಲೆ. ಆಫೀಸಿನವರು ವಾಕಡ್ ಅಂತಾರೆ. ಪುಣೆಯಲ್ಲೇ ಇರುವ ಸೋದರಮಾವ ಕೋಥ್ರೂಡ್ ಬಿಟ್ಟು ಬೇರೆ ಕಡೆ ಹೋಗಲೇಬೇಡ ಅಂತಾರೆ. ಇದರ ನಡುವೆ ಒಬ್ಬ ಏಜೆಂಟ್ ಮನೆಯ ವಿಡಿಯೋ ಕಳಿಸಿ, ಟೋಕನ್ ಹಾಕಿ, ಇಲ್ಲಾಂದ್ರೆ ಮನೆ ಕೈತಪ್ಪುತ್ತೆ ಅಂತ ದಿನಾ ಫೋನ್ ಮಾಡ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲನೆಯದಾಗಿ, ಆ ಟೋಕನ್ ಹಾಕಬೇಡಿ. ಆ ಮನೆ ಹೋದರೆ ಹೋಗಲಿ. ಹಿಂಜವಡಿ ಸುತ್ತಮುತ್ತ ಬಾಡಿಗೆ ಮನೆಗಳಿಗೆ ಬರ ಇಲ್ಲ.

ವಿಡಿಯೋದಲ್ಲಿ ಹಾಲ್ ಎಷ್ಟು ದೊಡ್ಡದು, ಅಡುಗೆಮನೆ ಕಟ್ಟೆ ಯಾವ ಬಣ್ಣ, ಇಷ್ಟು ಗೊತ್ತಾಗುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಆ ಗೇಟಿನಿಂದ ಹೊರಟರೆ ಆಫೀಸು ಎಷ್ಟೊತ್ತಿಗೆ ಮುಟ್ಟುತ್ತೀರಿ, ಮೇ ತಿಂಗಳಲ್ಲಿ ನಲ್ಲಿಗೆ ನೀರು ಬರುತ್ತಾ, ಇವೆರಡೂ ಗೊತ್ತಾಗಲ್ಲ. ಪುಣೆಯ ಪಶ್ಚಿಮದಲ್ಲಿ ಮನೆ ಹಿಡಿಯುವವರಿಗೆ ತಿಳಿದಿರಬೇಕಾದದ್ದು ಮುಖ್ಯವಾಗಿ ಇವೆರಡೇ.

ಹಿಂಜವಡಿ ಐಟಿ ಪಾರ್ಕಿನ ಫೇಸ್ 1, 2, 3 ಒಂದರ ಹಿಂದೆ ಒಂದು ಇವೆ. ವಾಕಡ್ ಕಡೆಯಿಂದ ಬರುವ ಜನ ಹೈವೇ ದಾಟಿ, ಶಿವಾಜಿ ಚೌಕದ ಸುತ್ತ ಸೇರಿಕೊಂಡು ಒಳಗೆ ಹೋಗಬೇಕು. ನಿಮ್ಮ ಆಫೀಸು ಇರೋದು ಎಲ್ಲಕ್ಕಿಂತ ಒಳಗೆ. ಅಂದರೆ ಫೇಸ್ 1ಕ್ಕೆ ಹೋಗುವವರ ಟ್ರಾಫಿಕ್ಕು, ಫೇಸ್ 2ಕ್ಕೆ ಹೋಗುವವರ ಟ್ರಾಫಿಕ್ಕು ಎರಡನ್ನೂ ನೀವು ದಾಟಬೇಕು. ವಾಕಡ್‌ನಿಂದ ದೂರ ಹೆಚ್ಚೇನಿಲ್ಲ, ಎಂಟು-ಒಂಬತ್ತು ಕಿಲೋಮೀಟರ್ ಇರಬಹುದು. ಆದರೆ ಇಲ್ಲಿ ಯಾರೂ ಕಿಲೋಮೀಟರ್ ಲೆಕ್ಕ ಹೇಳಲ್ಲ, ನಿಮಿಷದ ಲೆಕ್ಕ ಹೇಳ್ತಾರೆ. ಮಳೆ ಹಿಡಿದು ರಸ್ತೆಯಲ್ಲಿ ನೀರು ನಿಂತ ದಿನ ಆ ನಿಮಿಷದ ಲೆಕ್ಕವೂ ತಪ್ಪುತ್ತೆ.

ನಿಮ್ಮ ಮಾವ ಹೇಳಿದ್ದರಲ್ಲಿ ಸುಳ್ಳಿಲ್ಲ. ಕೋಥ್ರೂಡ್ ಹಳೆಯ, ನೆಲೆಯೂರಿದ ಬಡಾವಣೆ. ಶಾಲೆ, ಆಸ್ಪತ್ರೆ, ತರಕಾರಿ, ಗಿರಣಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ವನಾಜ್‌ನಿಂದ ಮೆಟ್ರೋ ಹತ್ತಿದರೆ ಊರೊಳಗೆ ಓಡಾಡೋದೂ ಸುಲಭ. ಆದರೆ ಅಲ್ಲಿಂದ ಫೇಸ್ 3 ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಚಾಂದನಿ ಚೌಕ್ ದಾಟಿ, ಹೈವೇ ಹಿಡಿದು, ಕೊನೆಗೆ ಅದೇ ಹಿಂಜವಡಿಯ ಗುಂಪಿಗೆ ಸೇರಬೇಕು. ವಾರಕ್ಕೆ ಒಂದೆರಡು ದಿನ ಮಾತ್ರ ಆಫೀಸಾದರೆ ಮಾವನ ಮಾತು ಕೇಳಿ, ಖುಷಿಯಿಂದ ಇರ್ತೀರಿ. ಐದು ದಿನ ಹೋಗಬೇಕು ಅಂದರೆ ಬೇಡ. ಮಗಳು ಏಳುವ ಮೊದಲೇ ಮನೆ ಬಿಟ್ಟು, ಅವಳು ಮಲಗಿದ ಮೇಲೆ ವಾಪಸ್ ಬರುವ ಅಪ್ಪಂದಿರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ನೀವೂ ಆ ಸಾಲಿಗೆ ಸೇರೋದು ನನಗೆ ಇಷ್ಟವಿಲ್ಲ.

ಹಾಗಾಗಿ ಕಂಪನಿಯವರನ್ನು ಮೊದಲು ಕೇಳಬೇಕಾದ್ದು ಇದು: ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆಗೆ, ಯಾವ ಗೇಟು? ಐದು ದಿನ ಅಂದರೆ ಮೊದಲ ಹನ್ನೊಂದು ತಿಂಗಳು ಹಿಂಜವಡಿ ಒಳಗೇ, ಇಲ್ಲಾ ಮಾಣ್, ಮಾರುಂಜಿ ಕಡೆ ಇರಿ. ನಿಮ್ಮ ಬಜೆಟ್ಟಿಗೆ ಒಳ್ಳೆಯ 2 ಬಿಎಚ್‌ಕೆ ಆರಾಮಾಗಿ ಸಿಗುತ್ತೆ. ಎರಡು-ಮೂರು ದಿನ ಅಂದರೆ ಬಾಣೇರ್, ಬಾಲೇವಾಡಿ ನೋಡಿ. ಅಲ್ಲಿ 30 ಸಾವಿರಕ್ಕೆ ಸ್ವಲ್ಪ ಹುಡುಕಾಡಬೇಕು, ಹೊಸ ಕಟ್ಟಡಕ್ಕಿಂತ ಹಳೆಯದರಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ನಿಮ್ಮ ಪತ್ರದಲ್ಲಿ ಹೆಂಡತಿ ಕೆಲಸ ಮಾಡ್ತಾರಾ, ಮಾಡಬೇಕು ಅಂತಿದ್ದಾರಾ ಅನ್ನೋದೇ ಇಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ದಿನವಿಡೀ ಆ ಬಡಾವಣೆಯಲ್ಲಿ ಇರುವವರು ಅವರು. ಅವರು ನೋಡದೆ ಮನೆ ಗೊತ್ತು ಮಾಡಬೇಡಿ.

ಹಿಂಜವಡಿಯಿಂದ ಶಿವಾಜಿನಗರದವರೆಗೆ 23 ನಿಲ್ದಾಣಗಳ ಮೆಟ್ರೋ ಮಾರ್ಗ ಇದೆ, ಬಾಲೇವಾಡಿ, ಬಾಣೇರ್ ಮೇಲೆಯೇ ಹಾಯುತ್ತೆ. ಏಜೆಂಟರು ಬಾಲ್ಕನಿಯಿಂದ ಅದರ ಕಂಬ ತೋರಿಸಿ ಬಾಡಿಗೆ ಏರಿಸ್ತಾರೆ. ನೀವು ಮನೆಗೆ ಕಾಲಿಡುವ ದಿನ ಹತ್ತಿರದ ನಿಲ್ದಾಣದಲ್ಲಿ ರೈಲು ನಿಲ್ಲುತ್ತಿದ್ದರೆ ಅದಕ್ಕೆ ದುಡ್ಡು ಕೊಡಿ. ಕಂಬಕ್ಕೆ ಕೊಡಬೇಡಿ.

ಈಗ ನೀರಿನ ವಿಷಯ, ಇದನ್ನು ದಯವಿಟ್ಟು ಹಗುರಾಗಿ ತಗೋಬೇಡಿ. ಪುಣೆ ನಗರಕ್ಕೆ ಮುಖ್ಯವಾಗಿ ಖಡಕ್‌ವಾಸ್ಲಾ ಕಡೆಯ ಅಣೆಕಟ್ಟುಗಳ ನೀರು. ಪಿಂಪ್ರಿ-ಚಿಂಚವಡಕ್ಕೆ ಪವನಾ ಅಣೆಕಟ್ಟಿನದು. ವಾಕಡ್ ಈ ಎರಡನೆಯ ಪಾಲಿಕೆಗೆ ಸೇರುತ್ತೆ, ಅಲ್ಲಿ 2019ರ ಕೊನೆಯಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಶುರುವಾಯಿತು. ಹಿಂಜವಡಿಯ ಕಡೆ ಟ್ಯಾಂಕರ್ ಮೇಲೆಯೇ ನಡೆಯುವ ಸೊಸೈಟಿಗಳು (ಅಪಾರ್ಟ್‌ಮೆಂಟ್ ಸಮುಚ್ಚಯಗಳು) ಬಹಳ. ಓನರನ್ನು ಕೇಳಿದರೆ ನೀರಿಗೇನೂ ತೊಂದರೆ ಇಲ್ಲ ಅಂತಲೇ ಹೇಳ್ತಾರೆ. ನೀವು ಗೇಟಿನಲ್ಲಿರುವ ವಾಚ್‌ಮನ್ ಹತ್ತಿರ ಹೋಗಿ, 'ಭಾವೂ, ಟ್ಯಾಂಕರ್ ರೋಜ್ ಕಿತಿ ಯೇತಾತ್?' (ಅಣ್ಣಾ, ದಿನಾ ಎಷ್ಟು ಟ್ಯಾಂಕರ್ ಬರುತ್ತವೆ?) ಅಂತ ಮರಾಠಿಯಲ್ಲಿ ಕೇಳಿ. ಟ್ಯಾಂಕರ್ ಬಂದಾಗೆಲ್ಲ ಬರೆದಿಡುವವರು ಸಾಮಾನ್ಯವಾಗಿ ಅವರೇ. ಕೇಳಿದರೆ ಹೇಳ್ತಾರೆ, ಕೆಲವೊಮ್ಮೆ ರಿಜಿಸ್ಟರನ್ನೇ ತೆರೆದು ತೋರಿಸ್ತಾರೆ. ಆಮೇಲೆ ಮನೆಯೊಳಗೆ ಬಾತ್‌ರೂಮಿನ ನಲ್ಲಿಯ ಬುಡ, ಶವರ್‌ನ ತೂತುಗಳು, ಬಕೆಟ್ಟಿನ ಅಂಚು ನೋಡಿ. ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರುತ್ತಾ? ಹಾಗಾದರೆ ಗಡಸು ನೀರು, ಬೋರ್‌ವೆಲ್‌ದು ಇರಬಹುದು. ವಾಷಿಂಗ್ ಮಷೀನ್, ಗೀಸರ್ ಎರಡೂ ಬೇಗ ಹಾಳಾಗುತ್ತವೆ, ಮಗುವಿನ ಕೂದಲು ಒರಟಾಗುತ್ತೆ. ಟ್ಯಾಂಕರ್ ಖರ್ಚು ಮೇಂಟೆನೆನ್ಸ್‌ನಲ್ಲಿ ಸೇರಿದೆಯಾ, ಬೇಸಿಗೆಯಲ್ಲಿ ಬೇರೆ ಕೊಡಬೇಕಾ, ಅದನ್ನೂ ಕೇಳಿ ಬರೆಸಿಕೊಳ್ಳಿ.

ಹುಬ್ಬಳ್ಳಿಯವರಾದ್ದರಿಂದ ಇನ್ನೊಂದು ಮಾತು. ತಿಂಗಳಿಗೊಮ್ಮೆ ಊರಿಗೆ ಹೋಗುವವರಾದರೆ ಬೆಂಗಳೂರು-ಮುಂಬೈ ಹೈವೇ ಪಕ್ಕದ ಬಡಾವಣೆಗಳು ನಿಮಗೆ ಅನುಕೂಲ. ಕಾತ್ರಜ್, ವಾರ್ಜೆ, ಬಾವಧನ್, ಬಾಣೇರ್, ವಾಕಡ್ ಎಲ್ಲ ಅದೇ ದಾರಿಯಲ್ಲಿವೆ. ಬೆಳಗಾವಿ ಮೇಲೆ ಬರುವ ರಾತ್ರಿ ಬಸ್ಸಿನಿಂದ ಬೆಳಿಗ್ಗೆ ಇಳಿದರೆ ಮನೆ ಹತ್ತಿರ. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಕೂಡ ಶುರುವಾಗಿದೆ, ಆದರೆ ಪುಣೆ ಸ್ಟೇಷನ್ನಿನಿಂದ ಹಿಂಜವಡಿಗೆ ಬರೋದೇ ಇನ್ನೊಂದು ಪ್ರಯಾಣ.

ನಾನು ಹೇಳೋದು ಇಷ್ಟೇ: ನೀವೊಬ್ಬರೇ ಮೊದಲು ಬನ್ನಿ. ಕಂಪನಿ ಗೆಸ್ಟ್‌ಹೌಸ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಪಿಜಿಯಲ್ಲಿ ಎರಡು-ಮೂರು ವಾರ ಇರಿ. ಮನೆಯನ್ನು ಭಾನುವಾರ ನೋಡಬೇಡಿ, ಆ ದಿನ ರಸ್ತೆ ಖಾಲಿ ಇರುತ್ತೆ. ಮಂಗಳವಾರವೋ ಬುಧವಾರವೋ ಸಂಜೆ ಆಫೀಸು ಬಿಡುವ ಹೊತ್ತಿಗೆ ಅಲ್ಲಿಂದಲೇ ಹೊರಟು ಮನೆ ನೋಡಲು ಹೋಗಿ. ಎರಡು ಮನೆ ಆರಿಸಿಟ್ಟುಕೊಂಡು ಹೆಂಡತಿ, ಮಗಳನ್ನು ಕರೆಸಿ ತೋರಿಸಿ. ಮಗಳ ಶಾಲೆಯ ಬಗ್ಗೆ ಚಿಂತೆ ಬೇಡ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅವಳು ಚಿಕ್ಕವಳು, ಮರಾಠಿ ನಿಮಗಿಂತ ಬೇಗ ಕಲೀತಾಳೆ.

ಪ್ರಶ್ನೆ: ಬಾಣೇರ್‌ನಲ್ಲಿ ಮನೆ ಗೊತ್ತಾಗಿದೆ. ಬಾಡಿಗೆ 25 ಸಾವಿರ, ಡಿಪಾಸಿಟ್ 50 ಸಾವಿರ. ಓನರು 'ಹನ್ನೊಂದು ತಿಂಗಳ ಅಗ್ರಿಮೆಂಟ್ ತಾನೇ, ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದರೆ ಸಾಕು' ಅಂತಿದ್ದಾರೆ. ಬೆಂಗಳೂರಿನಲ್ಲಿ ನಾವೂ ಹಾಗೇ ಮಾಡ್ತಿದ್ದೆವು. ಇಲ್ಲೂ ನಡೆಯುತ್ತಾ?
— ದಾವಣಗೆರೆಯ ಓದುಗರು

ಉತ್ತರ: ನಡೆಯಲ್ಲ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಕರಾರಿಗೆ ನೋಂದಣಿ ಬೇಡ ಅನ್ನೋ ಲೆಕ್ಕದಲ್ಲಿ ನಮ್ಮ ಕಡೆ ಹನ್ನೊಂದು ತಿಂಗಳು ಹಾಕ್ತಾರೆ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ 'ಲೀವ್ ಆಂಡ್ ಲೈಸೆನ್ಸ್' ಕರಾರು (ಇಲ್ಲಿ ಸಾಮಾನ್ಯವಾಗಿ ಮಾಡಿಸುವ ಬಾಡಿಗೆ ಅಗ್ರಿಮೆಂಟ್) ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಿರಬೇಕು, ಎಷ್ಟೇ ತಿಂಗಳಿನದಾಗಲಿ. ನೋಂದಣಿ ಮಾಡಿಸೋದು ಓನರ ಜವಾಬ್ದಾರಿ. ಮಾಡಿಸದಿದ್ದರೆ ಅವರಿಗೇ ದಂಡ, ಜೈಲು ಶಿಕ್ಷೆಯ ಅವಕಾಶವೂ ಇದೆ. ನೋಂದಣಿ ಇಲ್ಲದೆ ಜಗಳವಾದರೆ ಬಾಡಿಗೆದಾರ ಹೇಳುವ ಷರತ್ತುಗಳನ್ನೇ ಸರಿ ಅಂತ ಹಿಡಿಯಬೇಕು, ಅಲ್ಲ ಅಂತ ಸಾಬೀತು ಮಾಡೋದು ಓನರ ಕೆಲಸ. ಇದನ್ನು ಅವರಿಗೆ ಮೆತ್ತಗೆ ಹೇಳಿ, ಹೆಚ್ಚಿನವರು ಒಪ್ಪುತ್ತಾರೆ.

ಖರ್ಚೂ ಜಾಸ್ತಿ ಇಲ್ಲ. ಮುದ್ರಾಂಕ ಶುಲ್ಕ 0.25%. ಹನ್ನೊಂದು ತಿಂಗಳ ಬಾಡಿಗೆ 2,75,000, ಅದಕ್ಕೆ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ 10% ಲೆಕ್ಕದ ಬಡ್ಡಿ ಸೇರಿಸಿದರೆ ನಿಮ್ಮದು ಸುಮಾರು 700 ರೂಪಾಯಿ ಆಗುತ್ತೆ. ನಗರ ಪ್ರದೇಶಕ್ಕೆ ನೋಂದಣಿ ಶುಲ್ಕ 1,000. ಆನ್‌ಲೈನಿನಲ್ಲೇ ಆಗುತ್ತೆ. ಏಜೆಂಟ್ ಸಣ್ಣ ಯಂತ್ರ ಹಿಡಿದು ಮನೆಗೇ ಬಂದು ಆಧಾರ್ ಹೆಬ್ಬೆಟ್ಟು ತಗೊಂಡು ಹೋಗ್ತಾನೆ, ಅದಕ್ಕೆ ಅವನ ಫೀಸು ಬೇರೆ. ಆ ಕರಾರಿನ ಪ್ರತಿ ಗ್ಯಾಸ್ ಕನೆಕ್ಷನ್ನಿಗೆ, ಪೊಲೀಸ್ ವೆರಿಫಿಕೇಷನ್ನಿಗೆ, ಎಚ್‌ಆರ್‌ಎಗೆ ಎಲ್ಲದಕ್ಕೂ ಬೇಕಾಗುತ್ತೆ.

ಸಹಿ ಹಾಕುವ ಮೊದಲು ಮೂರು ಸಾಲು ಹುಡುಕಿ ಓದಿ: ಲಾಕ್-ಇನ್ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ತಾರೆ, ಮೇಂಟೆನೆನ್ಸ್ ಯಾರದು. ಮನೆ ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿಯವರು ಹಾಕುವ ನಾನ್-ಆಕ್ಯುಪೆನ್ಸಿ ಚಾರ್ಜ್ ಓನರದ್ದು. ಅದೂ ಸರ್ವಿಸ್ ಚಾರ್ಜಿನ 10% ಮೀರುವಂತಿಲ್ಲ. ನಿಮ್ಮ ತಲೆಗೆ ಕಟ್ಟಲು ಬಿಡಬೇಡಿ.

ಪ್ರಶ್ನೆ: ಮಗಳಿಗೆ ಖರಾಡಿಯಲ್ಲಿ ಮೊದಲ ಕೆಲಸ. ಒಬ್ಬಳೇ ಇರಬೇಕು. ಪಿಜಿ ಒಳ್ಳೇದೋ, ಹುಡುಗಿಯರು ಸೇರಿ ಫ್ಲಾಟ್ ಮಾಡೋದು ಒಳ್ಳೇದೋ? ರಾತ್ರಿ ಪಾಳಿಯೂ ಇರಬಹುದು ಅಂತಾಳೆ. ನಿದ್ದೆ ಬರ್ತಿಲ್ಲ.
— ಕಲಬುರಗಿಯ ತಾಯಿ

ಉತ್ತರ: ಅಕ್ಕಾ, ನಿಮ್ಮ ಚಿಂತೆ ಸಹಜ. ಮೊದಲ ಮೂರು ತಿಂಗಳು ಪಿಜಿಯೇ ಇರಲಿ. ಜೊತೆಗೆ ಕೆಲಸ ಮಾಡುವ ಹುಡುಗಿಯರ ಸ್ವಭಾವ ತಿಳಿದ ಮೇಲೆ ಅವಳೇ ಫ್ಲಾಟ್ ನೋಡಿಕೊಳ್ಳಲಿ. ಗೊತ್ತಿಲ್ಲದವರ ಜೊತೆ ಹನ್ನೊಂದು ತಿಂಗಳ ಕರಾರಿಗೆ ಹೆಸರು ಸೇರಿಸೋದು ಬೇಡ.

ಜಾಗ ಖರಾಡಿಯಲ್ಲೇ, ಇಲ್ಲಾ ವಿಮಾನ್ ನಗರ, ವಡಗಾವ್ ಶೇರಿಯಲ್ಲಿ ಇರಲಿ. ರಾಮವಾಡಿವರೆಗೆ ಮೆಟ್ರೋ ಇದೆ, ಪುಣೆ ರೈಲ್ವೆ ಸ್ಟೇಷನ್ನಿನಿಂದ ನೇರ ಬರಬಹುದು. ಕಲಬುರಗಿ, ಸೊಲ್ಲಾಪುರ ಮೇಲೆ ರೈಲಿನಲ್ಲಿ ಬರುವ ನಿಮಗೂ ಅನುಕೂಲ. ಆದರೆ ರಾಮವಾಡಿಯಿಂದ ಖರಾಡಿ ಐಟಿ ಪಾರ್ಕಿಗೆ ಇನ್ನೂ ಐದಾರು ಕಿಲೋಮೀಟರ್ ಆಟೋ ಅಥವಾ ಬಸ್ಸು, ಅದು ನೆನಪಿರಲಿ. ಊಟದ ಬಗ್ಗೆ ಯೋಚನೆ ಬೇಡ, ಜೋಳದ ಭಾಕ್ರಿ ಪುಣೆಯಲ್ಲಿ ಬೇಕಾದಷ್ಟು ಸಿಗುತ್ತೆ.

ರಾತ್ರಿ ಪಾಳಿಗೆ ಕಾನೂನಿದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಪ್ರಕಾರ ರಾತ್ರಿ 9.30ರ ನಂತರ ಹೆಣ್ಣುಮಕ್ಕಳಿಂದ ಕೆಲಸ ಮಾಡಿಸಲು ಅವರ ಒಪ್ಪಿಗೆ ಬೇಕು, ರಕ್ಷಣೆ ಮತ್ತು ಮನೆಗೆ ಬಿಡುವ ವ್ಯವಸ್ಥೆಯನ್ನು ಕಂಪನಿ ಮಾಡಬೇಕು. ಸೇರುವ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಲಿ: ಕ್ಯಾಬ್ ಪಿಜಿ ಗೇಟಿನವರೆಗೆ ಬರುತ್ತಾ, ಮುಖ್ಯ ರಸ್ತೆಯಲ್ಲೇ ಇಳಿಸುತ್ತಾ? ಪಿಜಿಯವರನ್ನೂ ಕೇಳಿ, ರಾತ್ರಿ ಗೇಟಿಗೆ ಎಷ್ಟೊತ್ತಿಗೆ ಬೀಗ, ತಡವಾಗಿ ಬಂದರೆ ತೆರೆಯುವವರು ಯಾರು, ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಡಿಪಾಸಿಟ್ ಎಷ್ಟು ವಾಪಸ್. ನೀವೂ ಜೊತೆಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಒಂದು ಸಲವಾದರೂ ರಾತ್ರಿ ಹತ್ತರ ಮೇಲೆ ಅವಳ ಜೊತೆ ಆ ಗಲ್ಲಿಯಲ್ಲಿ ನಡೆದು ನೋಡಿ, ಬೀದಿದೀಪ ಉರಿಯುತ್ತಾ, ಅಂಗಡಿ ಎಷ್ಟೊತ್ತಿನವರೆಗೆ ತೆರೆದಿರುತ್ತೆ ಅಂತ. ಸರಿ ಅನಿಸದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಬೇರೆ ಪಿಜಿ ನೋಡಿ.