ರೇಡಿಯೋದಲ್ಲಿ ಇಡೀ ದಿನ ಸಂಗೀತ ಬರ್ತಿತ್ತಾ? ನಮ್ಮ ಮನೆಯ ಮಟ್ಟಿಗೆ ಹೇಳ್ತೀನಿ

1950-60ರ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ರೇಡಿಯೋ ಸಂಗೀತ ಹೇಗೆ ಕೇಳ್ತಿದ್ರು, ಬೆಳಗಿಂದ ರಾತ್ರಿವರೆಗೂ ಬರ್ತಿತ್ತಾ ಅಂತ ಕೇಳಿದ್ದೀರಿ. ಇಲ್ಲ, ಬರುತ್ತಿರಲಿಲ್ಲ. ನಿಲಯಗಳೇ ಇಡೀ ದಿನ ನಡೆಯುತ್ತಿರಲಿಲ್ಲ. ಬೆಳಿಗ್ಗೆ ಒಂದಷ್ಟು ಹೊತ್ತು, ಮಧ್ಯಾಹ್ನ ಒಂದಷ್ಟು, ಸಂಜೆಯಿಂದ ರಾತ್ರಿವರೆಗೆ ಇನ್ನೊಂದು ಸಲ. ನಡುವೆ ಬರೀ ಗೊರಗೊರ ಸದ್ದು. ನಮ್ಮ ಮನೆಯಲ್ಲಂತೂ ಬರುತ್ತಿದ್ದುದರಲ್ಲಿ ಕಾಲು ಭಾಗವೂ ಕೇಳಲಿಲ್ಲ. ಅದಕ್ಕೆ ಕಾರಣ ಬ್ಯಾಟರಿ.

ನನಗೀಗ 76. ನಮ್ಮೂರು ತೀರ್ಥಹಳ್ಳಿಯಿಂದ ಒಳಗೆ, ನಾಲ್ಕೇ ಮನೆ. ಜೋಗದಲ್ಲಿ 1948ರಲ್ಲೇ ಕರೆಂಟು ತಯಾರಾಗುತ್ತಿತ್ತು, ಅದೂ ನಮ್ಮದೇ ಜಿಲ್ಲೆಯಲ್ಲಿ. ನಮ್ಮ ಮನೆಗೆ ಬಂದದ್ದು ಮಾತ್ರ ನಾನು ಕಾಲೇಜು ಸೇರಿದ ಮೇಲೆ. ಹಾಗಾಗಿ 1957ರಲ್ಲಿ ಅಜ್ಜಯ್ಯ ಅಡಿಕೆ ಮಾರಿದ ದುಡ್ಡಲ್ಲಿ ಶಿವಮೊಗ್ಗದಿಂದ ತಂದದ್ದು ಬ್ಯಾಟರಿ ಸೆಟ್ಟು. ಟಾರ್ಚಿನ ಸೆಲ್ಲು ಅಂದ್ಕೋಬೇಡಿ. ವಾಲ್ವ್ ರೇಡಿಯೋಗೆ 90 ವೋಲ್ಟಿನ ಬ್ಯಾಟರಿ ಬೇಕು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಅದು ಮುಗಿದರೆ ಮತ್ತೆ ಬಸ್ಸು ಹತ್ತಿ ಶಿವಮೊಗ್ಗಕ್ಕೇ ಹೋಗಬೇಕು. ಗುಬುಟ ತಿರುಗಿಸುವ ಅಧಿಕಾರ ಅಜ್ಜಯ್ಯನಿಗೆ ಮಾತ್ರ. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ 15 ರೂಪಾಯಿ ಕಟ್ಟಿ ರೇಡಿಯೋ ಲೈಸೆನ್ಸ್ ಮಾಡಿಸಿಕೊಂಡು ಬರುತ್ತಿದ್ದರು.

ರೇಡಿಯೋದ ಏರಿಯಲ್‌ನದೇ ಒಂದು ಕಥೆ. ತಾಮ್ರದ ತಂತಿಯನ್ನು ಮೊದಲು ಮನೆ ಮಾಡಿನಿಂದ ಅಡಿಕೆ ಮರಕ್ಕೆ ಕಟ್ಟಿದ್ದರು. ಗಾಳಿಗೆ ಮರ ತೂಗಿ ಎಂಟೇ ದಿನಕ್ಕೆ ಕಿತ್ತು ಬಂತು. ಆಮೇಲೆ ಹಲಸಿನ ಮರಕ್ಕೆ ಕಟ್ಟಿದರು. ಮುಂಗಾರಿನ ಗುಡುಗು ಶುರುವಾದರೆ ಮೊದಲ ಕೆಲಸವೇ ತಂತಿಯನ್ನು ರೇಡಿಯೋದಿಂದ ಕಿತ್ತು ಹೊರಗೆ ಎಸೆಯುವುದು. ಒಂದು ಸಲ ಚಿಕ್ಕಪ್ಪ ಮರೆತರು. ಸಿಡಿಲು ದೂರದಲ್ಲೇ ಬಿದ್ದರೂ ಒಳಗೆ ಸುಟ್ಟ ವಾಸನೆ ಬಂತು. ಆ ಮಳೆಗಾಲ ಪೂರ್ತಿ ನಮಗೆ ಸಂಗೀತ ಇಲ್ಲ.

ಇನ್ನು ಯಾವ ನಿಲಯ ಅಂದರೆ, ಅದರಲ್ಲಿ ನಮ್ಮ ಕಡೆಯವರು ಅದೃಷ್ಟವಂತರು ಅಂತ ಈಗ ಅನ್ನಿಸುತ್ತದೆ. ಮೈಸೂರಲ್ಲಿ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಶುರು ಮಾಡಿದ 'ಆಕಾಶವಾಣಿ' ನಮ್ಮ ಕಾಲಕ್ಕೆ ಮುಗಿದಿತ್ತು, 1955ರಲ್ಲಿ ಅದು ಬೆಂಗಳೂರಿಗೆ ಹೋಗಿತ್ತು. ಆ ಕಡೆ ಧಾರವಾಡ 1950ರಿಂದಲೇ ಇತ್ತು. ನಾವು ಎರಡರ ನಡುವೆ. ಮುಳ್ಳು ಈ ಕಡೆ ಸರಿಸಿದರೆ ಕರ್ನಾಟಕಿ, ಬೆಂಗಳೂರಿನ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಆರ್.ಕೆ. ಶ್ರೀಕಂಠನ್ ಅವರ ಹಾಡು. ಆ ಕಡೆ ಸರಿಸಿದರೆ ಹಿಂದೂಸ್ತಾನಿ, ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಕರ್ನಾಟಕಿ, ಹಿಂದೂಸ್ತಾನಿ ಅಂತ ಜಗಳ ಆಡೋರನ್ನು ನಾನು ಮೊದಲು ನೋಡಿದ್ದು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ. ನಮ್ಮ ಜಗಲಿಯಲ್ಲಿ ಯಾವುದು ಸ್ಪಷ್ಟವಾಗಿ ಕೇಳುತ್ತೋ ಅದೇ ಒಳ್ಳೇ ಸಂಗೀತ!

ಹಗಲು ಧಾರವಾಡ ಕ್ಷೀಣ. ರಾತ್ರಿ ಚೆನ್ನಾಗಿ ಬರುತ್ತಿತ್ತು. ಮೀಡಿಯಂ ವೇವ್ ಅಲೆಗಳನ್ನು ಹಗಲು ಆಕಾಶದ ಕೆಳಗಿನ ಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಮೇಲಿನ ಪದರಕ್ಕೆ ತಾಗಿ ದೂರಕ್ಕೆ ಬೀಳುತ್ತವೆ. ಆದರೆ ಒಂದೇ ಸಮ ಬರುವುದಿಲ್ಲ. ಮನ್ಸೂರರು ಒಂದು ತಾನ್ ಎತ್ತಿದರೆ ಅರ್ಧಕ್ಕೆ ದನಿ ಮುಳುಗಿ, ಆ ಜಾಗದಲ್ಲಿ ಯಾವುದೋ ಊರಿನ ಯಾವುದೋ ಭಾಷೆಯ ಮಾತು ತೇಲುತ್ತಿತ್ತು. ಮತ್ತೆ ಅವರು ಮೇಲೆ ಬರುವಷ್ಟರಲ್ಲಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ನಿಂತಿರುತ್ತಿದ್ದರು. ನಡುವೆ ಏನು ಹಾಡಿರಬಹುದು ಅಂತ ಚಿಕ್ಕಪ್ಪ ಮಾರನೇ ದಿನ ತೋಟದಲ್ಲಿ ತಾವೇ ಹಾಡಿ ತುಂಬಿಸುತ್ತಿದ್ದರು. ಚೆನ್ನಾಗಿ ಹಾಡುತ್ತಿರಲಿಲ್ಲ, ಬಿಡಿ.

ಯಾರ ಹಾಡು ಯಾವಾಗ ಅಂತ ಪೇಪರಲ್ಲಿ ಬರುತ್ತಿತ್ತು. ಆದರೆ ನಮಗೆ ಪೇಪರ್ ಸಿಗುತ್ತಿದ್ದುದು ಮಧ್ಯಾಹ್ನ ಮೂರರ ಬಸ್ಸಿಗೆ. ಬೆಳಿಗ್ಗೆ ಯಾರು ಹಾಡಿದರು ಅಂತ ಮಧ್ಯಾಹ್ನ ಓದಿ ಹೊಟ್ಟೆ ಉರಿಸಿಕೊಳ್ಳುವುದು! ಅಜ್ಜಯ್ಯ ಮಾತ್ರ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಗ ರೆಕಾರ್ಡಿಂಗ್ ಕಮ್ಮಿ, ಕಲಾವಿದರು ಸ್ಟುಡಿಯೋದಲ್ಲಿ ಕೂತು ನೇರವಾಗಿ ಹಾಡುತ್ತಿದ್ದರು. ಬೆಳಿಗ್ಗೆ ತೋಡಿ ಹಾಡಿದವರೇ ಎಷ್ಟೋ ಸಲ ಅದೇ ದಿನ ರಾತ್ರಿ ಮತ್ತೆ ಬರುತ್ತಿದ್ದರು, ರಾತ್ರಿಯ ರಾಗ ಇಟ್ಟುಕೊಂಡು. "ಊರಿಗೆ ಬಂದೋರು ನೀರಿಗೆ ಬರದೇ ಇರ್ತಾರಾ" ಅಂತ ಅಜ್ಜಯ್ಯ ಬ್ಯಾಟರಿ ಉಳಿಸಿಕೊಂಡು ಕೂತಿರುತ್ತಿದ್ದರು.

ಹಾಡು ಬಿಟ್ಟು ಬೇರೆಯದೂ ಇತ್ತು. ನಾಟಕ, ಹರಿಕಥೆ, ರೈತರಿಗೆ ಅಂತ ಮಾತು, ಕಾಳಿಂಗರಾಯರ ಭಾವಗೀತೆ. ಅಮ್ಮಮ್ಮ ಒಲೆ ಬಿಟ್ಟು ಬರುತ್ತಿದ್ದುದು ಭಾವಗೀತೆಗೆ ಮಾತ್ರ. ಗಮಕ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವುದು, ಬಂದರೆ ಅಜ್ಜಯ್ಯನಿಗೆ ಸಮಾಧಾನವೇ ಇಲ್ಲ. ಶಿವಮೊಗ್ಗದ ಹತ್ತಿರ ತುಂಗೆಯ ದಂಡೆಯಲ್ಲಿ ಮತ್ತೂರು, ಹೊಸಹಳ್ಳಿ ಇದೆಯಲ್ಲ, ಅಲ್ಲಿ ಎದುರು ಕೂತು ಭಾರತ ಓದಿದ್ದನ್ನು ಕೇಳಿದ ಕಿವಿ ಅದು. (ಆ ಹೊಸಹಳ್ಳಿಯ ಕೇಶವಮೂರ್ತಿಯವರಿಗೆ ಗಮಕಕ್ಕೇ 2022ರಲ್ಲಿ ಪದ್ಮಶ್ರೀ ಬಂತು.) ಅಣ್ಣನಿಗೆ ಇದೆಲ್ಲ ಬೇಡ. ಬುಧವಾರ ರಾತ್ರಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯ ಸಿನಿಮಾ ಹಾಡು ಬೇಕು. ಸಿಕ್ಕಿಬಿದ್ದಾಗಲೆಲ್ಲ ಬ್ಯಾಟರಿಯ ಲೆಕ್ಕ ಕೇಳಬೇಕಾಗುತ್ತಿತ್ತು.

1965ರಲ್ಲಿ ಭದ್ರಾವತಿ ನಿಲಯ ಬಂತು. ಗೊರಗೊರ ಹೋಯಿತು, ಪಕ್ಕದ ಮನೆಯಲ್ಲಿ ಕೂತು ಹಾಡಿದ ಹಾಗೆ ಕೇಳತೊಡಗಿತು. ಆದರೆ ನಿಮ್ಮ ಪ್ರಶ್ನೆ ಓದಿದ ತಕ್ಷಣ ನನಗೆ ನೆನಪಾದದ್ದು ಅದಕ್ಕಿಂತ ಹಿಂದಿನ ಶನಿವಾರಗಳು. 1952ರಿಂದ ಶನಿವಾರ ರಾತ್ರಿ ಒಂಬತ್ತೂವರೆಗೆ ದೆಹಲಿಯಿಂದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಬರುತ್ತಿತ್ತು, ಒಂದೂವರೆ ಗಂಟೆ, ಒಬ್ಬರದೇ ಕಚೇರಿ. ದೀಪಾವಳಿ ಕಳೆದ ಮೇಲೆ ನಮ್ಮಲ್ಲಿ ಅಡಿಕೆ ಸುಲಿತ. ಜಗಲಿಯಲ್ಲಿ ಗ್ಯಾಸ್‌ಲೈಟು, ಎಂಟು ಹತ್ತು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಿದ್ದರು. ಕೂಲಿ ಡಬ್ಬದ ಲೆಕ್ಕದಲ್ಲಿ. ಸ್ಟೂಲಿನ ಮೇಲೆ ರೇಡಿಯೋ.

ಆಲಾಪ ಶುರುವಾದರೆ ಮೊದಮೊದಲು ನಗು. "ಎಂತದಯ್ಯಾ, ಇವ್ರಿಗೆ ಮಾತು ಬರೂದಿಲ್ವಾ?" ಅಂತ ಒಬ್ಬಳು ಕೇಳಿದ್ದಳು. ಅಜ್ಜಯ್ಯ ಕೈ ಎತ್ತಿ ಸುಮ್ಮನಿರಿಸಿದರು. ಆಮೇಲೆ ನಾನು ಗಮನಿಸಿದ್ದು ಕತ್ತಿಗಳ ಸದ್ದನ್ನು. ವಿಲಂಬಿತ ಅಂದರೆ ನಿಧಾನದ ಭಾಗ, ಅದರಲ್ಲಿ ಎಲ್ಲರ ಕೈಯೂ ತಂತಾನೇ ನಿಧಾನ, ಒಂದೊಂದು ಅಡಿಕೆಗೂ ಒಂದೊಂದು ಯುಗ. ಸಿತಾರಿನವರು ಕಡೆಯ ಜೋರು ಗತಿಯ ಝಾಲಾಗೆ ಬಂದರೆ ಕಟಕಟಕಟ ಅಂತ ಸಿಪ್ಪೆ ಹಾರುತ್ತಿತ್ತು, ಯಾರ ಬೆರಳು ಹೋಗುತ್ತೋ ಅಂತ ನಮಗೆ ಭಯ.

ಒಂದು ಸೋಮವಾರ ಅಮ್ಮಮ್ಮ ಲೆಕ್ಕ ತೆಗೆದರು. ಬೇರೆ ದಿನಕ್ಕಿಂತ ಶನಿವಾರ ಒಂದು ಡಬ್ಬ ಕಮ್ಮಿ ಆಗ್ತಿದೆ, ರೇಡಿಯೋ ಬಂದ್ ಮಾಡಿ ಅಂದರು. ಅಜ್ಜಯ್ಯ ಬಿಡಲಿಲ್ಲ. ಮೊದಲು ಕೈ ನಿಧಾನ ಆಗುತ್ತೆ ನಿಜ, ಕಡೆಕಡೆಗೆ ಎಷ್ಟು ಜೋರಾಗುತ್ತೆ ನೋಡು, ಅಲ್ಲಿಗಲ್ಲಿಗೆ ಸರಿಹೋಗುತ್ತೆ ಅಂತ ವಾದ ಹೂಡಿದರು.

ಅಮ್ಮಮ್ಮ ಡಬ್ಬ ಕೆಳಗಿಟ್ಟು ಹೇಳಿದರು: "ಹಂಗಾರೆ ಆ ಕಡೇದನ್ನೇ ಮೊದ್ಲು ಹಾಡಕ್ಕೆ ಹೇಳಿ."